ಗಂಡ ದಿವಾಳಿಯಾದರೆ ಹೆಂಡತಿಯ ಒಡವೆ ಯಾರದು?

ವ್ಯಾಪಾರದಲ್ಲಿ ಕೈಸೋತ ಗಂಡ ‘ಪಾಪರ್’ ಆದನೆಂಬ ಸುದ್ದಿ ಹಬ್ಬುತ್ತಲೇ ಸಾಲ ಕೊಟ್ಟವರ ಕಣ್ಣು ಹೆಂಡತಿಯ ಕೊರಳ ಮೇಲೆ ಬೀಳುವುದುಂಟು. ಆಕೆಯ ಒಡವೆ, ಆಕೆಯ ಹೆಸರಿನ ನಿವೇಶನ, ಆಕೆಯ ಸಂಬಳ ಇವೆಲ್ಲ ಗಂಡನ ಸಾಲಕ್ಕೆ ಜಮೆಯಾಗುತ್ತವೆಯೇ?

ಪ್ರಶ್ನೆ ಹೊಸದೇನಲ್ಲ. ಗಂಡ ಅಥವಾ ಮಗ ಮಾಡಿದ ಸಾಲವನ್ನು ಹೆಣ್ಣು ತೀರಿಸಬೇಕಿಲ್ಲ, ಹೆಂಡತಿಯ ಸಾಲಕ್ಕೆ ಗಂಡನೂ ಹೊಣೆಯಲ್ಲ, ಸಂಸಾರಕ್ಕಾಗಿ ಮಾಡಿದ ಸಾಲವಷ್ಟೇ ಇದಕ್ಕೆ ಹೊರತು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ತಾನೇ ಮಾಡಿದ, ಗಂಡನೊಡನೆ ಸೇರಿ ಮಾಡಿದ, ಇಲ್ಲವೇ ತೀರಿಸುವೆನೆಂದು ಒಪ್ಪಿಕೊಂಡ ಸಾಲ ಮಾತ್ರ ಆಕೆಯ ತಲೆಗೆ ಬರುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಇದ್ದವನು.

ಇಂದಿನ ಕಾನೂನಿನ ದಾರಿಯೂ ಹೆಚ್ಚುಕಡಿಮೆ ಇದೇ. 1920ರ ಪ್ರಾಂತೀಯ ದಿವಾಳಿ ಕಾಯ್ದೆಯಂತೆ 500 ರೂಪಾಯಿ ಸಾಲವಿದ್ದರೂ ದಿವಾಳಿ ಅರ್ಜಿ ಹಾಕಬಹುದು. ನ್ಯಾಯಾಲಯ ಒಬ್ಬನನ್ನು ದಿವಾಳಿ ಎಂದು ಘೋಷಿಸಿದಾಗ ರಿಸೀವರ್ ವಶಕ್ಕೆ ಹೋಗುವುದು ಅವನ ಆಸ್ತಿ ಮಾತ್ರ. ಹೆಂಡತಿ ದಿವಾಳಿಯಾಗುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣನ್ನು ಆಕೆಯ ಸ್ವತ್ತಿಗೆ ಪೂರ್ಣ ಒಡತಿಯನ್ನಾಗಿ ಮಾಡಿದೆ. ಸ್ತ್ರೀಧನ ಗಂಡನ ಕೈಯಲ್ಲಿದ್ದರೂ ಅದು ಹೆಂಡತಿಯದೇ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು.

ದಿವಾಳಿಯಾದವನ ಮನೆಯಿಂದಲೂ ಎಲ್ಲವನ್ನೂ ಒಯ್ಯುವಂತಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಹೆಂಡತಿ ಮಕ್ಕಳ ಅಗತ್ಯದ ಬಟ್ಟೆಬರೆ, ಅಡಿಗೆ ಪಾತ್ರೆ, ಹಾಸಿಗೆಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. ಧಾರ್ಮಿಕ ಸಂಪ್ರದಾಯದಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಆಭರಣಕ್ಕೂ ಅಲ್ಲಿ ರಕ್ಷಣೆಯಿದೆ. ತಾಳಿ ಉಳಿಯುವುದು ಈ ಕಲಮಿನಿಂದ.

ಹಾಗಾದರೆ ಹೆಂಡತಿ ಸಿಕ್ಕಿಬೀಳುವುದು ಎಲ್ಲಿ? ರುಜು ಹಾಕಿದಲ್ಲಿ. ಬ್ಯಾಂಕ್ ಸಾಲದ ಪತ್ರಕ್ಕೆ ಆಕೆ ಜಾಮೀನುದಾರಳಾಗಿ ಸಹಿ ಹಾಕಿದ್ದರೆ, 1872ರ ಕರಾರು ಕಾಯ್ದೆಯಂತೆ ಸಾಲ ಪಡೆದವನಷ್ಟೇ ಹೊಣೆ ಆಕೆಯದೂ ಆಗುತ್ತದೆ. ಮುಂದೆ ನ್ಯಾಯಾಲಯ ಗಂಡನನ್ನು ಸಾಲದಿಂದ ಬಿಡುಗಡೆ ಮಾಡಿದರೂ ಆ ಬಿಡುಗಡೆ ಜಾಮೀನುದಾರಳಿಗೆ ಸಿಗದು. ಜಂಟಿಯಾಗಿ ಸಾಲ ಪಡೆದಿದ್ದರೂ ಇದೇ ಗತಿ. ಗಂಡ ಪಾರಾದ, ಹೆಂಡತಿಯ ಬಾಗಿಲಿಗೆ ನೋಟೀಸು ಬಂತು ಎಂಬ ವಿಚಿತ್ರ ಹುಟ್ಟುವುದು ಹೀಗೆ.

ಇನ್ನೊಂದು ಅಪಾಯ ದಾನಪತ್ರದ್ದು. ಮುಳುಗುವ ಮುನ್ಸೂಚನೆ ಸಿಕ್ಕೊಡನೆ ಮನೆಯನ್ನು ಹೆಂಡತಿಯ ಹೆಸರಿಗೆ ಬರೆಯುವವರಿದ್ದಾರೆ. ಹಾಗೆ ಬರೆದ ಎರಡು ವರ್ಷದೊಳಗೆ ದಿವಾಳಿ ಅರ್ಜಿ ದಾಖಲಾಗಿ ಆತ ದಿವಾಳಿಯೆಂದು ಘೋಷಿತನಾದರೆ, ರಿಸೀವರ್ ಕೇಳಿಕೊಂಡಾಗ ನ್ಯಾಯಾಲಯ ಆ ವರ್ಗಾವಣೆಯನ್ನು ರದ್ದು ಮಾಡಬಹುದು. ಮನೆ ಇಬ್ಬರ ಹೆಸರಿನಲ್ಲಿದ್ದರೆ ಹೋಗುವುದು ಗಂಡನ ಪಾಲು ಮಾತ್ರ. ಆದರೆ ಆ ಪಾಲನ್ನು ಕೊಂಡವನು ವಿಭಾಗ ಕೇಳಿದರೆ ಸೂರು ಉಳಿಸಿಕೊಳ್ಳುವುದು ಕಷ್ಟ.

2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದುದು ಕಂಪೆನಿ ಸಾಲಕ್ಕೆ ಸ್ವಂತ ಜಾಮೀನು ನಿಂತವರಿಗೆ ಮಾತ್ರ. ಗಂಡನ ಕಂಪೆನಿಗೆ ಜಾಮೀನು ಬರೆದುಕೊಟ್ಟ ಗೃಹಿಣಿಯೂ ಅದರ ವ್ಯಾಪ್ತಿಗೆ ಬರುತ್ತಾಳೆ.

ಹೆಂಡತಿ ದಿವಾಳಿಯಾದಾಗ ಗಂಡನ ಸ್ಥಿತಿಯೂ ಬಹುಪಾಲು ಹೀಗೆಯೇ. ಮದುವೆಯೊಂದರಿಂದಲೇ ಒಬ್ಬರ ಸಾಲ ಮತ್ತೊಬ್ಬರಿಗೆ ಅಂಟುವುದಿಲ್ಲ. ‘ಇಲ್ಲೊಂದು ರುಜು ಹಾಕು’ ಎಂದು ಮನೆಯವರೇ ಕಾಗದ ಚಾಚಿದಾಗಲೂ, ಅದು ಜಾಮೀನು ಪತ್ರವೇ ಎಂದು ಓದಿ ನೋಡುವುದು ಕ್ಷೇಮ.