ಸುಪೀರಿಯರ್ ಸರೋವರದಲ್ಲಿ ಮುಳುಗಿದ ಹಡಗು

ಸರೋವರವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ತಾವರೆ, ಹಂಸ, ತಿಳಿನೀರು. ಹಳಗನ್ನಡ ಕಾವ್ಯಗಳನ್ನು ಪರೀಕ್ಷೆಗಾಗಿಯಾದರೂ ಓದಿದ ನಮಗೆ ಇದು ಸಹಜವೇ. ಅಂಥ ಸರೋವರವೊಂದರಲ್ಲಿ ೨೯ ಜನರೊಡನೆ ಭಾರಿ ಹಡಗೊಂದು ಮುಳುಗಿತೆಂದರೆ ಯಾರೂ ಥಟ್ಟನೆ ನಂಬಲಾರರು. ಆದರೆ ಉತ್ತರ ಅಮೆರಿಕದ ಸುಪೀರಿಯರ್ ಹೆಸರಿಗಷ್ಟೇ ಸರೋವರ. ಅದರ ವಿಸ್ತೀರ್ಣ ಸುಮಾರು ೮೨,೦೦೦ ಚದರ ಕಿಲೋಮೀಟರು. ಅತಿ ಆಳವಾದೆಡೆ ೧,೩೦೦ ಅಡಿಗೂ ಮಿಕ್ಕು ನೀರು.

ಹಡಗಿನ ಹೆಸರು ‘ಎಡ್ಮಂಡ್ ಫಿಟ್ಸ್‌ಜೆರಾಲ್ಡ್’. ವಿಮಾ ಕಂಪನಿಯೊಂದು ತನ್ನ ಅಧ್ಯಕ್ಷರ ಹೆಸರನ್ನೇ ಇಟ್ಟು ಕಟ್ಟಿಸಿದ್ದು. ೧೯೫೮ರಲ್ಲಿ ನೀರಿಗಿಳಿದಾಗ, ೭೨೯ ಅಡಿ ಉದ್ದದ ಅದಕ್ಕಿಂತ ದೊಡ್ಡ ಹಡಗು ಆ ಮಹಾಸರೋವರಗಳಲ್ಲಿ ಇನ್ನೊಂದಿರಲಿಲ್ಲ. ಕಬ್ಬಿಣದ ಅದಿರಿನ ಉಂಡೆಗಳನ್ನು ಉಕ್ಕಿನ ಕಾರ್ಖಾನೆಗಳಿಗೆ ಸಾಗಿಸುವುದೇ ಅದರ ಕೆಲಸ. ೧೯೭೫ನೆಯ ನವೆಂಬರ್ ೯ರ ಮಧ್ಯಾಹ್ನ ಸುಮಾರು ೨೬,೦೦೦ ಟನ್ ಅದಿರು ಹೇರಿಕೊಂಡು ಡೆಟ್ರಾಯ್ಟಿನತ್ತ ಹೊರಟಿತು. ಕಪ್ತಾನ ಅರ್ನೆಸ್ಟ್ ಮೆಕ್‌ಸಾರ್ಲಿ ನುರಿತ ನಾವಿಕ.

ನವೆಂಬರ್ ಅಲ್ಲಿ ಅಪಾಯದ ತಿಂಗಳು. ಬೇಸಗೆಯಲ್ಲಿ ಹೀರಿದ ಶಾಖವನ್ನು ನೀರು ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಅಷ್ಟರಲ್ಲೇ ಉತ್ತರದ ಕೊರೆಯುವ ಗಾಳಿ ಬಂದೆರಗುತ್ತದೆ. ಆ ಸಲದ ಬಿರುಗಾಳಿ ಮೊದಲು ಈಶಾನ್ಯದಿಂದ ಬೀಸಿದ್ದರಿಂದ, ಹಡಗು ಕೆನಡಾದ ದಡದ ಮರೆಯಲ್ಲಿ ಸಾಗಿತು. ಬುದ್ಧಿವಂತಿಕೆಯ ದಾರಿಯೇ ಅದು. ಆದರೆ ಮರುದಿನ ಗಾಳಿ ವಾಯವ್ಯಕ್ಕೆ ತಿರುಗಿತು; ಮರೆ ತಪ್ಪಿತು. ಬಯಲಾದ ಸರೋವರದುದ್ದಕ್ಕೂ ಬೆಳೆಯುತ್ತ ಬಂದ ಅಲೆಗಳು ಹಿಂದಿನಿಂದ ಅಪ್ಪಳಿಸತೊಡಗಿದವು. ಕಡಲಿನ ಅಲೆಗಳಿಗಿಂತ ಸರೋವರದ ಅಲೆಗಳು ಕಡಿದು, ಒತ್ತೊತ್ತಾಗಿ ಬರುತ್ತವೆ. ಒಂದರ ಪೆಟ್ಟಿನಿಂದ ಉದ್ದನೆಯ ಹಡಗು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಂದಿರುತ್ತದೆ.

ಅಪರಾಹ್ನ ಮೂರೂವರೆಯ ಸುಮಾರಿಗೆ ಮೆಕ್‌ಸಾರ್ಲಿ, ಹಿಂದೆ ಬರುತ್ತಿದ್ದ ‘ಆರ್ಥರ್ ಎಂ. ಆಂಡರ್ಸನ್’ ಹಡಗಿಗೆ ರೇಡಿಯೋ ಮೂಲಕ ತಿಳಿಸಿದ: ಹಡಗು ಒಂದು ಕಡೆ ವಾಲುತ್ತಿದೆ, ಪಂಪುಗಳು ನಡೆಯುತ್ತಿವೆ. ಬಳಿಕ ರಾಡಾರೂ ಕೆಟ್ಟಿತು. ಆಶ್ರಯ ಸಿಗಬೇಕಾಗಿದ್ದ ವೈಟ್‌ಫಿಶ್ ಭೂಶಿರದ ರೇಡಿಯೋ ಸಂಕೇತ ಆ ರಾತ್ರಿ ನಿಂತಿತ್ತು. ಏಳು ಗಂಟೆ ಹತ್ತು ನಿಮಿಷಕ್ಕೆ ಆಂಡರ್ಸನ್ನಿನವರು ವಿಚಾರಿಸಿದಾಗ, ತಡೆದುಕೊಂಡು ನಿಂತಿದ್ದೇವೆ ಎಂಬರ್ಥದ ಉತ್ತರ ಬಂತು. ಅನಂತರ ಮಾತಿಲ್ಲ. ಅಪಾಯದ ಕರೆಯೂ ಇಲ್ಲ. ಕೆಲವೇ ನಿಮಿಷಗಳಲ್ಲಿ ರಾಡಾರಿನ ತೆರೆಯಿಂದ ಹಡಗು ಮಾಯವಾಗಿತ್ತು.

ಕ್ಷೇಮವಾಗಿ ಕೊಲ್ಲಿಯನ್ನು ಸೇರಿದ್ದ ಆಂಡರ್ಸನ್ ಮತ್ತೆ ಬಿರುಗಾಳಿಗೇ ಮರಳಿ ಹುಡುಕಿತು. ಈ ಕಥೆಯಲ್ಲಿ ನನಗೆ ಅತ್ಯಂತ ಹಿರಿದಾಗಿ ಕಂಡ ಸಂಗತಿ ಇದೇ. ಸಿಕ್ಕಿದ್ದು ಹರಿದುಹೋದ ರಕ್ಷಣಾ ದೋಣಿಗಳು ಮಾತ್ರ. ಒಂದು ದೇಹವೂ ಮೇಲೆ ಬರಲಿಲ್ಲ. ಹಡಗು ೫೩೦ ಅಡಿ ಆಳದಲ್ಲಿ ಎರಡು ತುಂಡಾಗಿ ಬಿದ್ದಿದೆ. ಅಲ್ಲಿಯ ನೀರಿನ ಆಳಕ್ಕಿಂತ ಹಡಗಿನ ಉದ್ದವೇ ಹೆಚ್ಚು!

ಕಾರಣವೇನು? ಅಲೆಯ ನೀರು ಒಳನುಗ್ಗದಂತೆ ಸರಕಿನ ಕೋಣೆಗಳ ಬಾಯಿಗೆ ೨೧ ಮುಚ್ಚಳಗಳಿದ್ದವು. ಒಂದೊಂದನ್ನೂ ೬೮ ಕ್ಲಾಂಪುಗಳಿಂದ ಬಿಗಿಯಬೇಕು. ಮುಚ್ಚಳಗಳು ಸರಿಯಾಗಿ ನೀರನ್ನು ತಡೆಯಲಿಲ್ಲವೆಂದು ೧೯೭೭ರಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆ ವರದಿ ಮಾಡಿತು. ಅಲ್ಲ, ಕ್ಯಾರಿಬೂ ದ್ವೀಪದ ಬಳಿ ನೀರೊಳಗಿನ ದಿಬ್ಬಕ್ಕೆ ತಳ ತಾಗಿರಬೇಕೆಂದು ಹಡಗು ಮಾಲೀಕರ ಸಂಘ ವಾದಿಸಿತು. ಇಂದಿಗೂ ವಾದ ತೀರಿಲ್ಲ. ಇದು ಬರಿಯ ಪಂಡಿತರ ಜಗಳವಲ್ಲ. ಮುಚ್ಚಳ ಬಿಗಿಯುವುದು ನಾವಿಕರ ಕೆಲಸವಾದ್ದರಿಂದ, ಮೊದಲನೆಯ ಮಾತು ನಿಂತರೆ ತಪ್ಪು ಸತ್ತವರ ಮೇಲೆಯೇ ಬರುವ ಸಂಭವವುಂಟು. ಉತ್ತರ ಕೊಡಲು ಅವರಿಲ್ಲ. ೧೯೭೬ರಲ್ಲಿ ಈ ದುರಂತದ ಮೇಲೆ ಹಾಡು ಕಟ್ಟಿ ಲೋಕಕ್ಕೆಲ್ಲ ಪರಿಚಯಿಸಿದ ಕೆನಡಾದ ಗಾಯಕ ಗಾರ್ಡನ್ ಲೈಟ್‌ಫುಟ್, ೨೦೧೦ರಿಂದ ಸಭೆಗಳಲ್ಲಿ ಹಾಡುವಾಗ ಮುಚ್ಚಳದ ಪ್ರಸ್ತಾಪವಿದ್ದ ಸಾಲನ್ನು ಬದಲಿಸಿಕೊಂಡರು. ಕವಿಗಳಲ್ಲಿ ಇಂಥ ದಾಕ್ಷಿಣ್ಯ ಅಪರೂಪ.

೧೯೯೫ರ ಜುಲೈನಲ್ಲಿ ಮೃತರ ಮನೆಯವರ ಇಚ್ಛೆಯಂತೆ ಹಡಗಿನ ಗಂಟೆಯನ್ನು ಮೇಲೆ ತರಲಾಯಿತು. ಅದರ ಸ್ಥಾನದಲ್ಲಿ ೨೯ ಹೆಸರುಗಳನ್ನು ಕೆತ್ತಿದ ಹೊಸ ಗಂಟೆಯನ್ನು ಇಳಿಸಿದರು. ಹಳೆಯದು ವೈಟ್‌ಫಿಶ್ ಭೂಶಿರದ ವಸ್ತುಸಂಗ್ರಹಾಲಯದಲ್ಲಿದೆ. ಪ್ರತಿ ನವೆಂಬರ್ ೧೦ರಂದು ಅದನ್ನು ಒಬ್ಬೊಬ್ಬರ ಹೆಸರಿಗೆ ಒಂದೊಂದರಂತೆ ೨೯ ಬಾರಿ ಬಾರಿಸುತ್ತಾರೆ. ಮೂವತ್ತನೆಯದು, ಆ ಮಹಾಸರೋವರಗಳಲ್ಲಿ ಅಳಿದ ಉಳಿದೆಲ್ಲ ನಾವಿಕರಿಗೆ.