ನಾಲ್ಕನೇ ತಂತಿಯ ಮಾತು ಫ್ಯಾನಿಗೆ ತಲುಪುತ್ತಿದೆಯೇ?

ಕಂಪ್ಯೂಟರ್ ಆನ್ ಮಾಡಿದ ಗಳಿಗೆಯಿಂದ ಒಳಗಿನ ಫ್ಯಾನ್ ಒಂದೇ ಸಮ ಭೋರ್ಗರೆಯುತ್ತಿದ್ದರೆ, ಫ್ಯಾನ್ ಕೆಟ್ಟಿದೆ ಎಂದುಕೊಂಡು ಹೊಸದು ತರುವವರೇ ಹೆಚ್ಚು. ಎಷ್ಟೋ ಸಲ ಹೊಸದೂ ಹಾಗೇ ಭೋರ್ಗರೆಯುತ್ತದೆ. ತೊಂದರೆ ಫ್ಯಾನಿನದ್ದಲ್ಲ, ಅದಕ್ಕೆ ಹೋಗಬೇಕಾದ ಆಜ್ಞೆಯದ್ದು.

ಪಿಡಬ್ಲ್ಯುಎಂ (ಪಲ್ಸ್ ವಿಡ್ತ್ ಮಾಡ್ಯುಲೇಷನ್) ಫ್ಯಾನಿಗೆ ನಾಲ್ಕು ತಂತಿ. ಮೊದಲನೆಯದು ಗ್ರೌಂಡ್, ಎರಡನೆಯದು 12 ವೋಲ್ಟ್. ಮೂರನೆಯದರಲ್ಲಿ ಫ್ಯಾನ್ ತನ್ನ ವೇಗವನ್ನು ಮದರ್‌ಬೋರ್ಡಿಗೆ ತಿಳಿಸುತ್ತದೆ: ಒಂದು ಸುತ್ತಿಗೆ ಎರಡು ಮಿಡಿತ. ನಾಲ್ಕನೆಯದರಲ್ಲಿ ಬೋರ್ಡು ಆಜ್ಞೆ ಕೊಡುತ್ತದೆ. ಇಲ್ಲಿ 12 ವೋಲ್ಟ್ ಕಡಿಮೆಯಾಗುವುದೇ ಇಲ್ಲ. ನಾಲ್ಕನೇ ತಂತಿಯ ಸಂಕೇತ ಸೆಕೆಂಡಿಗೆ ಸುಮಾರು 25,000 ಸಲ ಆನ್-ಆಫ್ ಆಗುತ್ತದೆ. ಅದರಲ್ಲಿ ಆನ್ ಇರುವ ಪಾಲು ಎಷ್ಟೋ ಅದಕ್ಕೆ ತಕ್ಕಂತೆ ವೇಗ. ನಮ್ಮ ಕಿವಿಯ ಮಿತಿ 20,000 ಹರ್ಟ್ಜ್ ಆಸುಪಾಸು, ಹಾಗಾಗಿ ಈ ಸಂಕೇತದಿಂದ ಮೋಟಾರು ಗುಂಯ್‌ಗುಡುವುದು ಕೇಳಿಸುವುದಿಲ್ಲ.

ಮುಖ್ಯವಾದ ಸಂಗತಿ ಇನ್ನೊಂದಿದೆ. ನಾಲ್ಕನೇ ತಂತಿಯನ್ನು ಎಲ್ಲಿಗೂ ಜೋಡಿಸದಿದ್ದರೆ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತದೆ. ಆಜ್ಞೆ ಕಳೆದುಹೋದರೂ ಪ್ರೊಸೆಸರ್ ಬಿಸಿಯೇರಬಾರದೆಂದು ಬೇಕೆಂದೇ ಹೀಗೆ ಮಾಡಿದ್ದಾರೆ. ಇದನ್ನೇ ಪರೀಕ್ಷೆಗೆ ಬಳಸಬಹುದು. ಫ್ಯಾನನ್ನು ಬೋರ್ಡಿನಿಂದ ಬಿಡಿಸಿ, ಬೇರೆ 12 ವೋಲ್ಟ್ ಅಡಾಪ್ಟರ್‌ನಿಂದ ಓಡಿಸಿ. ನಾಲ್ಕನೇ ತಂತಿ ಖಾಲಿ ಇದ್ದಾಗ ಪೂರ್ಣ ವೇಗ ಇರಬೇಕು. ಅದನ್ನು ಗ್ರೌಂಡಿಗೆ ಮುಟ್ಟಿಸಿದರೆ ತೀರಾ ನಿಧಾನವಾಗಬೇಕು ಅಥವಾ ನಿಲ್ಲಬೇಕು. ಹಾಗಾದರೆ ಫ್ಯಾನ್ ಸರಿಯಾಗಿದೆ ಎಂದರ್ಥ. ಆ ತಂತಿ 12 ವೋಲ್ಟಿಗೆ ಮಾತ್ರ ತಾಗಬಾರದು, ತಾಗಿದರೆ ಒಳಗಿನ ಚಿಪ್ ಸುಡಬಹುದು.

ಫ್ಯಾನ್ ಸರಿಯಿದ್ದರೆ ಬಯೋಸ್ ತೆರೆಯಿರಿ. ಆಜ್ಞೆಯ ತಂತಿಯೇ ಇಲ್ಲದ ಮೂರು ಪಿನ್ನಿನ ಫ್ಯಾನನ್ನು ನಾಲ್ಕು ಪಿನ್ನಿನ ಜಾಗಕ್ಕೆ ಸಿಕ್ಕಿಸಿ, ಅಲ್ಲಿ ಫ್ಯಾನ್ ನಿಯಂತ್ರಣದ ಆಯ್ಕೆಯನ್ನು ಪಿಡಬ್ಲ್ಯುಎಂನಲ್ಲೇ ಬಿಟ್ಟರೆ ಅದು ಸದಾ ಪೂರ್ಣ ವೇಗದಲ್ಲೇ ಓಡುತ್ತದೆ. ಅದರ ವೇಗ ಬದಲಾಗಬೇಕಾದರೆ ವೋಲ್ಟೇಜೇ ಬದಲಾಗಬೇಕು, ಅಂದರೆ ಡಿಸಿ ಆಯ್ಕೆ ಬೇಕು. ತಿರುವುಮುರುವಾದರೂ ತೊಂದರೆಯೇ: ಪಿಡಬ್ಲ್ಯುಎಂ ಫ್ಯಾನಿಗೆ ಡಿಸಿ ಆಯ್ಕೆ ಕೊಟ್ಟರೆ, ವೋಲ್ಟೇಜ್ ತೀರಾ ಇಳಿದಾಗ ಅದು ನಿಂತುಬಿಡಬಹುದು.

ಫ್ಯಾನ್ ಆಗಾಗ ಒಮ್ಮೆಲೆ ಜೋರಾಗಿ ಮತ್ತೆ ತಣ್ಣಗಾಗುತ್ತಿದ್ದರೆ ತಂತಿಯನ್ನು ದೂರಬೇಡಿ. ಪ್ರೊಸೆಸರ್ ಬಿಸಿ ಕ್ಷಣಾರ್ಧದಲ್ಲಿ ಹತ್ತಾರು ಡಿಗ್ರಿ ಏರಿಳಿಯುತ್ತದೆ, ಫ್ಯಾನ್ ಅದರ ಬೆನ್ನುಹತ್ತುತ್ತದೆ. ಬಯೋಸಿನಲ್ಲಿ ಫ್ಯಾನ್ ಪ್ರತಿಕ್ರಿಯೆಗೆ ಕೆಲವು ಸೆಕೆಂಡು ವಿಳಂಬ ಕೊಡಿ, ಬಿಸಿಗೆ ತಕ್ಕಂತೆ ವೇಗ ಏರುವ ಗೆರೆಯ ಇಳಿಜಾರನ್ನು ಕಡಿಮೆ ಮಾಡಿ. ಶೇ 20–30ಕ್ಕಿಂತ ಕೆಳಗಿನ ಆಜ್ಞೆಯನ್ನು ಫ್ಯಾನ್‌ಗಳು ಒಂದೇ ರೀತಿ ಪಾಲಿಸುವುದಿಲ್ಲ; ಕೆಲವು ನಿಲ್ಲುತ್ತವೆ, ಕೆಲವು ತಮ್ಮ ಕನಿಷ್ಠ ವೇಗ ಬಿಟ್ಟು ಇಳಿಯುವುದಿಲ್ಲ.

ಕವಲು ಕೇಬಲ್ಲಿನಲ್ಲಿ ಎರಡು ಫ್ಯಾನ್ ಜೋಡಿಸಿದ್ದರೆ ತೆರೆಯ ಮೇಲೆ ಒಂದರ ವೇಗವಷ್ಟೇ ಕಾಣುವುದು ಸಹಜ.

ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನಿಂದ ಫ್ಯಾನ್ ಓಡಿಸುವ ವಿದ್ಯಾರ್ಥಿಗಳು ಎಡವುವ ಜಾಗ ಬೇರೆ. ಅದರ ಊನೊ ಮಾದರಿಯ ಹೆಚ್ಚಿನ ಪಿಡಬ್ಲ್ಯುಎಂ ಪಿನ್‌ಗಳು ತಾವಾಗಿ ಕೊಡುವುದು ಸುಮಾರು 490 ಹರ್ಟ್ಜ್. ಅದಕ್ಕೆ ಫ್ಯಾನ್ ಗುಂಯ್‌ಗುಡಬಹುದು, ಆಜ್ಞೆಯನ್ನು ತಪ್ಪಾಗಿ ಓದಬಹುದು. 9 ಅಥವಾ 10ನೇ ಪಿನ್ ಬಳಸಿ, ಟೈಮರ್ 1 ಅನ್ನು 25 ಕಿಲೋಹರ್ಟ್ಜ್‌ಗೆ ಹೊಂದಿಸಿ. ಅಷ್ಟಾದರೂ ಫ್ಯಾನ್ ಮಾತು ಕೇಳದಿದ್ದರೆ, ಅಡಾಪ್ಟರಿನ ಗ್ರೌಂಡ್ ಮತ್ತು ಆರ್ಡುಯಿನೊ ಗ್ರೌಂಡ್ ಒಂದಕ್ಕೊಂದು ಸೇರಿವೆಯೇ ನೋಡಿ.