ನೆರೆನಾಡುಗಳ ಕೂಟ

ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮೇಲಿನ ಬಯಲುಗಳನ್ನೆಲ್ಲ ತಣಿಸಿ, ಕಡೆಯಲ್ಲಿ ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ತಲುಪಬೇಕು. ಮೇಲಿನವನು ತನ್ನ ಸರದಿ ಮುಗಿದ ಮೇಲೂ ತೂಬನ್ನು ಮುಚ್ಚದಿದ್ದರೆ ಕೆಳಗಿನವನ ಪೈರು ಒಣಗುತ್ತದೆ. ಆಗ ನ್ಯಾಯ ಹೇಳಲು ನೀರುಗಂಟಿಯಿದ್ದಾನೆ. ಅವನ ಮೇಲೆ ಅಧಿಕಾರಿಗಳಿದ್ದಾರೆ.

ಕಾವೇರಿಯ ನೀರಿಗಾಗಿ ಎರಡು ರಾಜ್ಯಗಳ ನಡುವೆಯೇ ವ್ಯಾಜ್ಯ ಹುಟ್ಟಿದುದನ್ನು ಮಂಡ್ಯದ ಜನ ಬಲ್ಲರು. 1892 ಮತ್ತು 1924ರ ಒಪ್ಪಂದಗಳು ಅದನ್ನು ಮುಗಿಸಲಿಲ್ಲ. 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. 2007ರಲ್ಲಿ ಅದರ ಅಂತಿಮ ತೀರ್ಪು ಹೊರಬಿತ್ತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆಯನ್ನು ತಿದ್ದಿತು. ಮನಸ್ಸುಗಳು ಎಷ್ಟೇ ಕಹಿಯಾದರೂ ಇಬ್ಬರಿಗೂ ಮೇಲಾದ ನ್ಯಾಯಪೀಠವೊಂದು ಇಲ್ಲಿತ್ತು. ಆದರೆ ಸ್ವತಂತ್ರ ರಾಷ್ಟ್ರಗಳು ನೆರೆಹೊರೆಯಾಗಿ ಬಾಳುವಾಗ ಅವುಗಳ ನಡುವೆ ನೀರುಗಂಟಿ ಯಾರು?

ಈ ಪ್ರಶ್ನೆಯನ್ನು ನಮ್ಮ ಭಾಗದ ದೇಶಗಳೂ ಎದುರಿಸಿವೆ. 1985ರ ಡಿಸೆಂಬರ್ 8ರಂದು ಢಾಕಾ ನಗರದಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಭೂತಾನ, ಶ್ರೀಲಂಕಾ ಮತ್ತು ಮಾಲ್ಡೀವ್ಸ್ ಎಂಬ ಏಳು ರಾಷ್ಟ್ರಗಳು ಕೂಡಿ ದಕ್ಷಿಣ ಏಷ್ಯಾ ಪ್ರಾದೇಶಿಕ ಸಹಕಾರ ಸಂಘವನ್ನು ಸ್ಥಾಪಿಸಿದವು. ಇದನ್ನೇ ಸಂಕ್ಷೇಪವಾಗಿ ‘ಸಾರ್ಕ್’ ಎನ್ನುವರು. ಇದರ ಎರಡನೆಯ ಶೃಂಗಸಭೆ 1986ರ ನವೆಂಬರಿನಲ್ಲಿ ಸೇರಿದುದು ನಮ್ಮ ಬೆಂಗಳೂರಿನಲ್ಲಿಯೇ. ಸಂಘಕ್ಕೊಂದು ಕಾರ್ಯಾಲಯವನ್ನು ತೆರೆಯುವ ಒಪ್ಪಂದಕ್ಕೆ ಅಲ್ಲಿ ಸಹಿ ಬಿದ್ದಿತು. ಮರುವರ್ಷ ಕಠ್ಮಂಡುವಿನಲ್ಲಿ ಕಾರ್ಯಾಲಯ ಆರಂಭವಾಯಿತು. 2007ರಲ್ಲಿ ಆಫ್ಘಾನಿಸ್ತಾನವು ಎಂಟನೆಯ ಸದಸ್ಯನಾಗಿ ಸೇರಿತು.

ಈ ಸಂಘದ ರಾಜಕೀಯ ತೊಡಕುಗಳು ಅದರ ಹುಟ್ಟಿನೊಂದಿಗೇ ಬಂದವು. ಪ್ರತಿಯೊಂದು ನಿರ್ಣಯಕ್ಕೂ ಸರ್ವಾನುಮತ ಬೇಕು. ಇಬ್ಬರ ನಡುವಣ ವಿವಾದಗಳನ್ನು ಸಭೆಯಲ್ಲಿ ಚರ್ಚಿಸುವಂತಿಲ್ಲ. ದುರ್ಬಲರಿಗೆ ಈ ನಿಯಮ ಅಭಯವನ್ನಿತ್ತಿತು. ಭಾರತವು ಉಳಿದ ಸದಸ್ಯರೆಲ್ಲರೂ ಕೂಡಿದರೂ ಮೀರುವಷ್ಟು ದೊಡ್ಡದು. ದೊಡ್ಡವನ ಮಾತೇ ನಡೆದೀತೆಂಬ ಅಂಜಿಕೆ ಚಿಕ್ಕವರಿಗೆ ಸಹಜ. ಆದರೆ ಅದೇ ನಿಯಮದಿಂದ, ಒಬ್ಬರು ಒಪ್ಪದಿದ್ದರೆ ಎಲ್ಲರ ಕೆಲಸವೂ ನಿಲ್ಲುವಂತಾಯಿತು. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಸೇರಬೇಕಾಗಿದ್ದ ಶೃಂಗಸಭೆ, ಉರಿಯ ಸೇನಾನೆಲೆಯ ಮೇಲೆ ಭಯೋತ್ಪಾದಕರ ದಾಳಿ ನಡೆದ ತರುವಾಯ ನಿಂತುಹೋಯಿತು. 2014ರ ಕಠ್ಮಂಡು ಸಭೆಯಾಗಿ ಹತ್ತು ವರ್ಷಗಳು ಕಳೆದರೂ ಮತ್ತೊಂದು ಶೃಂಗಸಭೆ ಸೇರಲಿಲ್ಲ.

ಆರ್ಥಿಕ ತೊಡಕುಗಳೂ ಕಡಿಮೆಯಲ್ಲ. ಮುಕ್ತ ವ್ಯಾಪಾರದ ಒಪ್ಪಂದಕ್ಕೆ 2004ರಲ್ಲಿ ಸಹಿಯಾಗಿ, 2006ರಲ್ಲಿ ಅದು ಜಾರಿಗೆ ಬಂದಿತು. ಆದರೂ ಈ ದೇಶಗಳ ಒಟ್ಟು ವಿದೇಶ ವ್ಯಾಪಾರದಲ್ಲಿ ತಮ್ಮತಮ್ಮೊಳಗಿನ ಪಾಲು ನೂರಕ್ಕೆ ಐದರ ಆಸುಪಾಸಿನಲ್ಲಿಯೇ ಉಳಿಯಿತು. ಇದಕ್ಕೆ ಕಾರಣಗಳಿವೆ. ಭಾರತ, ಶ್ರೀಲಂಕಾಗಳು ಚಹವನ್ನು ಮಾರುತ್ತವೆ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳು ಬಟ್ಟೆಯನ್ನು ಮಾರುತ್ತವೆ. ಒಂದೇ ಸರಕನ್ನು ಹೊತ್ತವರು ಸಂತೆಯಲ್ಲಿ ಪೈಪೋಟಿಗಿಳಿಯುವುದೇ ಹೆಚ್ಚು. ತನ್ನ ರೈತನಿಗೂ ಕಾರ್ಖಾನೆಗೂ ನಷ್ಟವಾದೀತೆಂದು ಪ್ರತಿಯೊಂದು ದೇಶವೂ ಹಲವು ಸರಕುಗಳನ್ನು ಸುಂಕದ ರಿಯಾಯಿತಿಯಿಂದ ಹೊರಗಿರಿಸಿತು.

ಯುರೋಪಿನವರು ಬೇರೊಂದು ಹಾದಿಯನ್ನು ಹಿಡಿದರು. ಎರಡನೆಯ ಮಹಾಯುದ್ಧ ಮುಗಿದು ಆರೇ ವರ್ಷಗಳಾಗಿದ್ದಾಗ, 1951ರಲ್ಲಿ, ಫ್ರಾನ್ಸ್, ಪಶ್ಚಿಮ ಜರ್ಮನಿ ಮೊದಲಾದ ಆರು ದೇಶಗಳು ತಮ್ಮ ಕಲ್ಲಿದ್ದಲು ಮತ್ತು ಉಕ್ಕಿನ ಉದ್ಯಮಗಳನ್ನು ಸಮಾನ ಅಧಿಕಾರವೊಂದಕ್ಕೆ ಒಪ್ಪಿಸಲು ಸಮ್ಮತಿಸಿದವು. ಅಂದರೆ, ಅವು ತಮಗೊಬ್ಬ ನೀರುಗಂಟಿಯನ್ನು ತಾವೇ ನೇಮಿಸಿಕೊಂಡವು. ಆ ಬೀಜವೇ ಬೆಳೆದು ಯುರೋಪ್ ಒಕ್ಕೂಟವಾಯಿತು. ಹಾಗೆಂದು ಅಲ್ಲಿ ಕಷ್ಟಗಳಿಲ್ಲವೆಂದಲ್ಲ. 2010ರಲ್ಲಿ ಗ್ರೀಸಿನ ಸಾಲದ ಹೊರೆ ಇತರರನ್ನೂ ತಟ್ಟಿತು. 2020ರಲ್ಲಿ ಬ್ರಿಟನ್ ಒಕ್ಕೂಟವನ್ನೇ ತೊರೆಯಿತು. ಅಧಿಕಾರವನ್ನು ಬಿಟ್ಟುಕೊಡುವುದು ಯಾರಿಗೂ ಸುಲಭವಲ್ಲ.

ಹಾಗಾದರೆ ಇಂತಹ ಕೂಟಗಳು ವ್ಯರ್ಥವೇ? ಖಂಡಿತ ಅಲ್ಲ. ನೆರೆಯ ನಾಡಿನ ನೆರೆ, ಬರ, ರೋಗಗಳು ಗಡಿಯ ಕಲ್ಲನ್ನು ಕಂಡು ನಿಲ್ಲುವುದಿಲ್ಲ. ಆದರೆ ನಂಬಿಕೆ ಒಂದೇ ಸಭೆಯಲ್ಲಿ ಮೂಡುವಂತಹುದಲ್ಲ. ತನ್ನ ಗದ್ದೆ ತುಂಬಿದ ಮೇಲೆ, ಯಾರೂ ಹೇಳದಿದ್ದರೂ ತೂಬನ್ನು ಮುಚ್ಚುವ ರೈತನಿಂದಲೇ ನಾಲೆಯ ಕೊನೆಯ ಹಳ್ಳಿ ಹಸಿರಾಗುತ್ತದೆ. ರಾಷ್ಟ್ರಗಳ ಕೂಟಕ್ಕೂ ಬೇಕಾದುದು ಆ ವಿವೇಕವೇ. ಬಲವುಳ್ಳವರು ಅದನ್ನು ಮೊದಲು ತೋರಬೇಕು.